ಎತ್ತರ ಕೊಡಬಾರದ ಬಾಕ್ಸು

ಜೂನ್ 2, ಸೋಮವಾರ

ಸಹಕಾರನಗರದ ಈ ಆಫೀಸಿಗೆ ಇವತ್ತು ಸೇರಿದೆ. ಸೇರಿದ ದಿನವೇ ಬಿಟ್ಟು ಓಡಿಹೋಗಬೇಕೆನಿಸಿತು.

ಯಶವಂತಪುರದ ಪ್ರೆಸ್ಸಿನಲ್ಲಿ ಇಷ್ಟು ವರ್ಷ ಪುಟ ಕಟ್ಟಿದವನು ನಾನು. ಮದುವೆಯ ಕರೆಯೋಲೆ, ಪಂಚಾಂಗ, ಗೈಡು, ವಾರಪತ್ರಿಕೆ, ಯಾವುದೇ ಇರಲಿ, ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ, ಅಂಚು ನೋಡಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೊಡುತ್ತಿದ್ದೆ. ಪ್ರೆಸ್ಸು ಮುಚ್ಚಿತು. ನಲವತ್ತೊಂಬತ್ತು ದಾಟುತ್ತಿರುವ ಶಿವಶರಣಪ್ಪನನ್ನು ಇನ್ಯಾರು ಕರೆಯುತ್ತಾರೆ? ಪ್ರೆಸ್ಸಿಗೆ ಬಂದು ಹೋಗಿ ಮಾಡುತ್ತಿದ್ದ ರವಿಕಿರಣ ಕರೆದ. ಅವನದು ವೆಬ್‌ಸೈಟು ಮಾಡುವ ಸಣ್ಣ ಕಂಪನಿ. ಕನ್ನಡ ಸೈಟುಗಳ ಕೆಲಸ ಬರುತ್ತಿದೆಯಂತೆ, ಕನ್ನಡ ಪುಟದ ಮೇಲೆ ಕಣ್ಣಿರುವವರು ಬೇಕಂತೆ. "ಕೋಡ್ ಬರೆಯೋದನ್ನ ಕಲಿಸ್ಬಹುದು ಸರ್, ಕಣ್ಣು ಕಲಿಸಕ್ಕಾಗಲ್ಲ" ಎಂದ. ಹೊಗಳಿಕೆಗೆ ಮರುಳಾಗಿ ಮಗಳ ಹಳೇ ಲ್ಯಾಪ್‌ಟಾಪಿನಲ್ಲಿ ಒಂದಿಷ್ಟು ಕೋಡು ಕಲಿತು ಬಂದೆ. ಮೂರು ತಿಂಗಳು ಪರೀಕ್ಷೆ. ಆಗಸ್ಟ್ ಕೊನೆಯಲ್ಲಿ ಒಪ್ಪಿಗೆಯಾದರೆ ಕಾಯಂ, ಇಲ್ಲದಿದ್ದರೆ ಮನೆ. ಈ ವಯಸ್ಸಿನಲ್ಲಿ ನನಗೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ, ಅದು ನನಗೂ ಗೊತ್ತು, ನನ್ನ ಹೆಂಡತಿ ರತ್ನಾಳಿಗೂ ಗೊತ್ತು.

ನನಗೆ ಕಲಿಸಲು ಬಿಟ್ಟಿರುವುದು ಸ್ನೇಹಾ ಎಂಬ ಹುಡುಗಿಯನ್ನು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ. ಬಂದವಳೇ ಅಪ್ಪಣೆ ಕೊಡಿಸಿದಳು.

"ಸರ್, ಇಲ್ಲಿ ಎಲ್ಲಾನೂ ಬಾಕ್ಸ್ ಒಳಗೇ ಇಡ್ಬೇಕು. ನಿಮ್ದೇ ಅಂತ ಏನೂ ಹೊಸದಾಗಿ ಮಾಡ್ಕೋಬೇಡಿ. ನಮ್ಮ ಬಾಕ್ಸ್ ತಗೊಳ್ಳಿ, ಒಳಗೆ ಹಾಕಿ, ಅಷ್ಟೇ."

ಬಾಕ್ಸು ನನಗೆ ಗೊತ್ತಿಲ್ಲವೇ! ಪತ್ರಿಕೆಯಲ್ಲಿ ಎಷ್ಟು ಬಾಕ್ಸ್ ಸುದ್ದಿ ಕಟ್ಟಿಲ್ಲ ನಾನು. ಸುತ್ತ ಗೆರೆ, ಒಳಗೆ ತಿಳಿ ಬೂದು ಬಣ್ಣ. ಊಟದ ಹೊತ್ತಿಗೆ ಇಡೀ ಪುಟಕ್ಕೆ ಅಂದವಾಗಿ ಗೆರೆ ಹೊಡೆದು ತೋರಿಸಿದೆ.

"ಅಯ್ಯೋ, ಗೆರೆ ಯಾಕೆ ಸರ್? ಬಾಕ್ಸ್ ಕಾಣಿಸ್ಬಾರ್ದು."

"ಕಾಣಿಸದೇ ಇರೋ ಬಾಕ್ಸ್ ಯಾಕಮ್ಮಾ ಬೇಕು?"

"ಒಳಗಿರೋದನ್ನ ಹಿಡ್ಕೊಳ್ಳೋಕೆ."

ಪಕ್ಕದ ಕುರ್ಚಿಯ ಜೀಷಾನ್ ಎಂಬವನು ಕಿಸಕ್ಕನೆ ನಕ್ಕ. ನನ್ನನ್ನು 'ಅಂಕಲ್' ಎನ್ನುತ್ತಾನೆ. ಎಲ್ಲ ಗೆರೆಗಳನ್ನೂ ಅಳಿಸಿ ಮನೆಗೆ ಬಂದೆ.

ಜೂನ್ 5, ಗುರುವಾರ

ಎರಡು ಪ್ಯಾರಾಗಳ ನಡುವೆ ಜಾಗ ಬೇಕಿತ್ತು. ಎಂಟರ್ ಒತ್ತಿದೆ. ಜಾಗ ಬರಲಿಲ್ಲ. ಐದು ಸಲ ಒತ್ತಿದೆ. ಈ ಹಾಳು ಬ್ರೌಸರು ಐದನ್ನೂ ನುಂಗಿ ನೀರು ಕುಡಿದು ಕೂತಿದೆ! ಪ್ರೆಸ್ಸಿನಲ್ಲಿ ಒಂದು ಒತ್ತಿದರೆ ಒಂದು, ಎರಡು ಒತ್ತಿದರೆ ಎರಡು. ಇಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

"ಪ್ಯಾಡಿಂಗ್ ಕೊಡಿ ಸರ್" ಎಂದಳು ಆ ಹುಡುಗಿ. ಬಾಕ್ಸಿನ ಒಳಗೋಡೆಗೂ ಅಕ್ಷರಕ್ಕೂ ನಡುವೆ ಬಿಡುವ ಜಾಗವೇ ಪ್ಯಾಡಿಂಗು. ಅದನ್ನಾದರೂ ನನ್ನಿಷ್ಟದಂತೆ ಕೊಡಬಹುದೇ ಎಂದರೆ ಇಲ್ಲ. ಕಂಪನಿಯವರು ಮೊದಲೇ ಗೊತ್ತುಮಾಡಿದ ಅಳತೆಗಳಿವೆ, ಅವುಗಳಲ್ಲೇ ಒಂದನ್ನು ಆರಿಸಬೇಕು. ನನಗೆ ಬೇಕಾದದ್ದು ಸರಿಯಾಗಿ ಎರಡು ಅಳತೆಗಳ ನಡುವಿನದು.

"ಇದು ಕಮ್ಮಿ ಆಯ್ತು, ಅದು ಜಾಸ್ತಿ ಆಯ್ತು" ಎಂದೆ.

"ಯಾರೂ ಸ್ಕೇಲ್ ಇಟ್ಟು ನೋಡಲ್ಲ ಅಂಕಲ್, ಬಿಡಿ" ಎಂದ ಜೀಷಾನ್.

ನಾನು ನೋಡುತ್ತೇನಲ್ಲ! ನನ್ನ ಕಣ್ಣಿಗೆ ಕೆಲಸ ಕೊಟ್ಟೆವೆಂದು ಹೇಳಿ ಕರೆತಂದು, ಈಗ ಯಾರೂ ನೋಡುವುದಿಲ್ಲ ಎನ್ನುತ್ತಾರೆ.

ಜೂನ್ 12, ಗುರುವಾರ

ಒಂದು ಉಪಾಯ ಹೊಳೆಯಿತು. ಜಾಗ ಬೇಕಾದ ಕಡೆಯೆಲ್ಲ ಒಳಗೇನೂ ಇಲ್ಲದ ಖಾಲಿ ಬಾಕ್ಸು ಇಟ್ಟುಬಿಟ್ಟೆ. ಪುಟ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ದೃಷ್ಟಿ ತೆಗೆಯಬೇಕೆನಿಸಿತು. ಸ್ನೇಹಾ ಕೋಡು ತೆರೆದು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡಳು.

"ಸರ್, ಖಾಲಿ ಡಬ್ಬ ಜೋಡಿಸಿಟ್ಟು ಮನೆ ಕಟ್ಟಿದ್ದೀರಲ್ಲ!"

ಎಲ್ಲವನ್ನೂ ತೆಗೆಸಿದಳು. ರತ್ನಾಳಿಗೆ ಹೇಳಿಕೊಂಡರೆ ಅವಳೂ ನಕ್ಕು, "ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ. ಆ ಹುಡಿಗಿ ಹೇಳಿದಂಗ ಮಾಡ್ರಲಾ" ಎಂದಳು. ಮನೆಯಲ್ಲೂ ನನ್ನ ಕಡೆ ಯಾರೂ ಇಲ್ಲ.

ಜೂನ್ 20, ಶುಕ್ರವಾರ

ಬಾಕ್ಸಿನೊಳಗೆ ಬಾಕ್ಸು, ಅದರೊಳಗೆ ಬಾಕ್ಸು. ಹೆಬ್ಬಾಳದಲ್ಲಿ ಬಸ್ಸು ನಿಂತಲ್ಲೇ ನಿಂತಿತ್ತು. ಬರೆಯುವ ಮನಸ್ಸಿಲ್ಲ.

ಜುಲೈ 3, ಗುರುವಾರ

ದೊಡ್ಡ ಕೆಲಸ ಬಂದಿದೆ. ಹೆಬ್ಬಾಳದ ಕಡೆಯ ಒಂದು ಕ್ಲಿನಿಕ್ಕಿನವರಿಗೆ ಕನ್ನಡದ ಸೈಟು ಬೇಕಂತೆ. ರೋಗಿಗಳು ಫೋನಿನಲ್ಲೇ ರಕ್ತಪರೀಕ್ಷೆಗೆ ಸಮಯ ಗೊತ್ತುಮಾಡಿಕೊಳ್ಳಬೇಕು, ಏನು ತರಬೇಕು, ಹೇಗೆ ಬರಬೇಕು ಎಂಬುದನ್ನು ಅಲ್ಲೇ ಓದಿಕೊಳ್ಳಬೇಕು. ರವಿಕಿರಣ ನನ್ನ ಹೆಸರನ್ನೇ ಹೇಳಿದ. "ಇದ್ರಲ್ಲಿ ತೋರಿಸಿ ಸರ್, ಆಗಸ್ಟ್‌ಗೆ ನಂಗೂ ಈಸಿ ಆಗುತ್ತೆ" ಎಂದ. ಕಾಯಂ ಆಗುವುದು ಇದರ ಮೇಲೇ ನಿಂತಿದೆ ಎಂದು ಅರ್ಥ.

ಒಂದೊಂದು ಪರೀಕ್ಷೆಗೂ ಒಂದೊಂದು ಬಾಕ್ಸು. ಒಂದರಲ್ಲಿ ಎರಡು ಸಾಲು, ಇನ್ನೊಂದರಲ್ಲಿ ಆರು ಸಾಲು. ಅಕ್ಕಪಕ್ಕ ನಿಲ್ಲಿಸಿದರೆ ಒಂದು ಗಿಡ್ಡ, ಒಂದು ಉದ್ದ. ಇಂಥ ಪುಟವನ್ನು ಪ್ರೆಸ್ಸಿನಲ್ಲಿ ಕೊಟ್ಟಿದ್ದರೆ ಮುಖಕ್ಕೆ ಎಸೆಯುತ್ತಿದ್ದರು. ಎಲ್ಲ ಬಾಕ್ಸಿಗೂ ಒಂದೇ ಎತ್ತರ ಕೊಟ್ಟೆ.

"ಎತ್ತರ ನೀವು ಕೊಡ್ಬೇಡಿ ಸರ್. ಒಳಗೆ ಎಷ್ಟಿದ್ಯೋ ಅಷ್ಟಕ್ಕೆ ಅದೇ ಬೆಳ್ಕೊಳ್ಳುತ್ತೆ" ಎಂದಳು ಸ್ನೇಹಾ.

"ಪುಟ ತಾನೇ ಬೆಳ್ಕೊಳ್ಳೋದಾದ್ರೆ ಪುಟ ಕಟ್ಟೋನು ಯಾಕಮ್ಮಾ ಬೇಕು?"

ಅವಳು ತನ್ನ ಕೆಲಸಕ್ಕೆ ತಿರುಗಿದಳು. ಮೊದಲ ಪುಟದಲ್ಲಿ ಎತ್ತರ ತೆಗೆದೆ. ಉಳಿದ ಕಡೆ ಹಾಗೇ ಬಿಟ್ಟೆ. ಕಣ್ಣಿಗೆ ನೆಟ್ಟಗೆ ಕಾಣುವುದನ್ನು ಸೊಟ್ಟ ಮಾಡಲು ನನ್ನ ಕೈ ಬರುವುದಿಲ್ಲ.

ಜುಲೈ 17, ಗುರುವಾರ

ನಾಳೆ ಕ್ಲಿನಿಕ್ಕಿನವರಿಗೆ ತೋರಿಸಬೇಕು. ಎಲ್ಲರಿಗೂ ಕಾಲಿಗೆ ಚಕ್ರ ಕಟ್ಟಿದಂತಾಗಿದೆ. ಒಂದು ಬಾಕ್ಸಿನಲ್ಲಿ ಕೊನೆಯ ಸಾಲು ಹೊರಗೆ ಚೆಲ್ಲುತ್ತಿತ್ತು. ಅಕ್ಷರವನ್ನು ಒಂದಿಷ್ಟು ಚಿಕ್ಕದು ಮಾಡಿ ಒಳಗೆ ಸೇರಿಸಿದೆ. ಮುಂದೆ ಯಾವತ್ತಾದರೂ ಹೆಚ್ಚಾದರೆ ಹೊರಗೆ ಕಾಣದಿರಲಿ ಎಂದು, ಅಳತೆ ಮೀರಿದ್ದನ್ನು ಮರೆಮಾಡುವ ಒಂದು ಮಾತನ್ನೂ ಕೋಡಿನಲ್ಲಿ ಸೇರಿಸಿದೆ. ಸ್ನೇಹಾ ಗಡಿಬಿಡಿಯಲ್ಲಿ ಕಣ್ಣಾಡಿಸಿ ಒಪ್ಪಿಗೆ ಒತ್ತಿದಳು.

ಜುಲೈ 18, ಶುಕ್ರವಾರ

ಕ್ಲಿನಿಕ್ಕಿನ ಡಾಕ್ಟರು ಪುಟ ನೋಡಿ, "ಏನ್ ನೀಟಾಗಿದೆ ರೀ! ಪ್ರಿಂಟ್ ಮಾಡಿದ್ ಹಾಗಿದೆ" ಎಂದರು. ಪ್ರಿಂಟ್ ಮಾಡಿದ ಹಾಗೆ! ಕಿವಿ ತೆರೆದು ಕೇಳಿಸಿಕೊಳ್ಳಲಿ ಈ ಆಫೀಸಿನವರು. ರತ್ನಾಳಿಗೆ ಮೈಸೂರುಪಾಕು ಒಯ್ದೆ.

ಆಗಸ್ಟ್ 4, ಸೋಮವಾರ

ಕ್ಲಿನಿಕ್ಕಿನಿಂದ ದೂರು ಬಂದಿದೆ. ಖಾಲಿ ಹೊಟ್ಟೆಯಲ್ಲಿ ಬರಬೇಕಾದ ಪರೀಕ್ಷೆಗೆ ಜನ ತಿಂಡಿ ತಿಂದು ಬರುತ್ತಿದ್ದಾರಂತೆ. ಸೈಟಿನಲ್ಲಿ ಬರೆದೇ ಇಲ್ಲ ಎಂದು ಜಗಳವಾಡುತ್ತಾರಂತೆ. ಬರೆದೇ ಇಲ್ಲ ಎಂದರೆ ಏನರ್ಥ? ಪುಟ ತೆರೆದು ತೋರಿಸಿದೆ. ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಇದೆ, 'ಹಿಂದಿನ ರಾತ್ರಿಯಿಂದ ಏನೂ ತಿನ್ನದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ'. ನನ್ನ ಕಂಪ್ಯೂಟರಿನಲ್ಲಿದೆ, ಜೀಷಾನನ ಫೋನಿನಲ್ಲೂ ಇದೆ. ನಮ್ಮ ಜನ ಓದುವುದೇ ಇಲ್ಲ, ಇನ್ನೇನು ಹೇಳುವುದು.

"ಹಿಂಗಾಗಿ ವಾಪಸ್ ಹೋದೋರು ಒಬ್ರಿದ್ದಾರೆ ಸರ್. ನಂಬರ್ ಕೊಟ್ಟಿದ್ದಾರೆ" ಎಂದಳು ಸ್ನೇಹಾ. "ನೀವೇ ಮಾತಾಡಿ, ಅವ್ರ ಫೋನಲ್ಲಿ ಏನ್ ಕಾಣ್ಸುತ್ತೆ ಕೇಳಿ."

ನಾನೇ ಯಾಕೆ? ನನ್ನ ಪುಟವಂತೆ, ಅದಕ್ಕೆ.

ಆಗಸ್ಟ್ 5, ಮಂಗಳವಾರ

ಮುನಿರಾಮಯ್ಯ ಎಂದು ಅವರ ಹೆಸರು. ರಾಜಾನುಕುಂಟೆಯವರು, ವಯಸ್ಸಾದವರು. ಓದಿಕೊಂಡು ಬರಬಾರದೇ ಎಂದು ಗದರಿಸುವ ಉದ್ದೇಶದಿಂದಲೇ ಫೋನು ಮಾಡಿದ್ದೆ. ಅವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ನಂಗೇನ್ ಓದಕ್ ಬರಕಿಲ್ವಾ ಸ್ವಾಮಿ? ಏಳ್ನೇ ಕ್ಲಾಸ್ ಪಾಸಾಗಿವ್ನಿ ನಾನು. ದಿನಾ ಪೇಪರ್ ಓದ್ತೀನಿ. ನೀವ್ ಬರ್ದಿದ್ದನ್ನೂ ಮೇಲಿಂದ ಕೆಳಗಂಟ ಓದ್ದೆ. ಬರ್ಬೇಕಾದ್ರೆ ಆಧಾರ್ ಕಾರ್ಡ್ ತನ್ನಿ ಅಂತಿತ್ತು, ತಂದೆ. ಅಳೇ ಚೀಟಿ ತನ್ನಿ ಅಂತಿತ್ತು, ತಂದೆ. ಒಟ್ಟೆ ವಿಷ್ಯ ಎಲ್ಲೂ ಇರ್ಲಿಲ್ಲ. ಅಲ್ಲಿ ಕುಂತಿದ್ ಯಮ್ಮ ಎಲ್ರ ಮುಂದೆ ಏನಂದ್ಳು ಗೊತ್ತಾ? 'ಓದಕ್ ಬರ್ದೇ ಇದ್ರೆ ಓದೋರ್ನ ಜೊತೇಲ್ ಕರ್ಕೊಂಡ್ ಬನ್ನಿ ತಾತ' ಅಂದ್ಬುಟ್ಳು. ಬಸ್ಸಾಗೆ ಮನೆಗಂಟ ತಲೆ ಎತ್ಲಿಲ್ಲ ಕಣಪ್ಪಾ."

ನೋಡುತ್ತೇನೆ ಯಜಮಾನರೇ ಎಂದು ಫೋನಿಟ್ಟೆ.

ಸಂಜೆ ಮನೆಗೆ ಬಂದು ರತ್ನಾಳ ಫೋನಿನಲ್ಲಿ ಆ ಪುಟ ತೆರೆದೆ. ಚಾಳೀಸು ಹಾಕಿಕೊಳ್ಳಲು ಬೇಜಾರೆಂದು ಅವಳು ಫೋನಿನ ಅಕ್ಷರವನ್ನು ಹುಣಸೆಬೀಜದಷ್ಟು ದಪ್ಪ ಮಾಡಿಕೊಂಡಿದ್ದಾಳೆ. ಬಾಕ್ಸು ನಾನು ಕೊಟ್ಟ ಎತ್ತರದಲ್ಲೇ ಗಟ್ಟಿಯಾಗಿ ನಿಂತಿತ್ತು. ಒಳಗಿನ ಅಕ್ಷರ ಬೆಳೆದಿತ್ತು. ಆಧಾರ್ ಕಾರ್ಡ್ ಇತ್ತು, ಹಳೇ ಚೀಟಿ ಇತ್ತು. ಖಾಲಿ ಹೊಟ್ಟೆಯ ಸಾಲು ಇರಲಿಲ್ಲ. ಕತ್ತರಿಸಿದ ಗುರುತೂ ಇರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮರೆಮಾಡಿದ್ದೆ.

"ಯಾಕ್ರೀ, ಮಾರಿ ಹಂಗ್ಯಾಕ ಮಾಡೀರಿ?" ಎಂದಳು ರತ್ನಾ.

ಪ್ರೆಸ್ಸಿನಲ್ಲಿ ಅಕ್ಷರದ ಗಾತ್ರ ನಾನು ಇಟ್ಟದ್ದೇ ಗಾತ್ರ. ಓದುವವನು ಕನ್ನಡಕ ಬದಲಿಸಬಹುದು, ಅಕ್ಷರ ಬದಲಿಸಲಾರ. ಇಲ್ಲಿ ರತ್ನಾಳ ಹಾಗೆ, ಆ ಹಿರಿಯರ ಹಾಗೆ, ಓದುವವರೇ ಬದಲಿಸಿಕೊಳ್ಳುತ್ತಾರೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ನಾನು ಸಾಲು ನುಂಗಿ, ಓದಲು ಬಾರದವರು ಎಂಬ ಮಾತನ್ನು ಆ ಹಿರಿಯರಿಗೆ ಹೊರಿಸಿದೆ. ಥೂ, ನನ್ನ ನೆಟ್ಟಗಿನ ಅಂಚಿಗೆ ಬೆಂಕಿ ಬೀಳಲಿ!

ಆಗಸ್ಟ್ 6, ಬುಧವಾರ

ಕೋಡಿನ ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಬರೆದವರ ಹೆಸರು ನಿಂತಿರುತ್ತದೆ. ಹಾಗಾಗಿ ಯಾರು ಮಾಡಿದ್ದು ಎಂದು ಹುಡುಕುವ ಕಷ್ಟ ಯಾರಿಗೂ ಆಗಲಿಲ್ಲ. ರವಿಕಿರಣ ಕೂಗಾಡಿದ. ನನಗಲ್ಲ, ಸ್ನೇಹಾಗೆ! ಒಪ್ಪಿಗೆ ಒತ್ತಿದವಳು ಅವಳಂತೆ. ಅವಳು "ಹೌದು, ನಾನು ಸರಿಯಾಗಿ ನೋಡ್ಲಿಲ್ಲ" ಎಂದಳು, ಅಷ್ಟೇ. 'ನಾನು ಅವತ್ತೇ ಹೇಳಿದ್ದೆ, ಈ ಮನುಷ್ಯ ಕೇಳಲಿಲ್ಲ' ಎಂದು ಒಂದು ಮಾತು ಆಡಬಾರದೇ?

"ನೀವು ಬಯ್ಯಿಸ್ಕೊಂಡಿದ್ಯಾಕೆ ಮೇಡಂ? ತಪ್ಪು ನಂದು" ಎಂದೆ ಆಮೇಲೆ.

"ಬಯ್ಯಿಸ್ಕೊಳ್ಳೋದು ಆಮೇಲೆ ಸರ್. ಮೊದ್ಲು ಹೈಟ್ ತೆಗೀರಿ. ನಾಳೆನೂ ಜನ ಬರ್ತಾರೆ."

ಸರಿಯಾದ ಮಾತೇ. ಸಿಟ್ಟು ಮಾತ್ರ ಇಳಿಯುತ್ತಿಲ್ಲ, ಅದು ಯಾರ ಮೇಲೆಂಬುದೂ ತಿಳಿಯುತ್ತಿಲ್ಲ.

ಆಗಸ್ಟ್ 8, ಶುಕ್ರವಾರ

ಎತ್ತರ ತೆಗೆದೆ. ಎತ್ತರ ತೆಗೆದೆ. ಎತ್ತರ ತೆಗೆದೆ. ಒಂದು ತೆಗೆದರೆ ಅದರೊಳಗೆ ಇನ್ನೊಂದು ಇಟ್ಟಿದ್ದೇನೆ. ಯಾವ ಮಹಾನುಭಾವ ಬರೆದನಪ್ಪಾ ಎಂದು ಪಕ್ಕಕ್ಕೆ ನೋಡಿದರೆ ಎಲ್ಲ ಕಡೆಯೂ ಶಿವಶರಣಪ್ಪ.

ಆಗಸ್ಟ್ 13, ಬುಧವಾರ

ಎಲ್ಲ ಪುಟಗಳೂ ಮುಗಿದವು. ಒಂದು ಬಾಕ್ಸು ಗಿಡ್ಡ, ಒಂದು ಉದ್ದ. ಅಕ್ಷರ ಎಷ್ಟು ದಪ್ಪ ಮಾಡಿದರೂ ಒಳಗಿನ ಒಂದು ಸಾಲೂ ಹೋಗುವುದಿಲ್ಲ, ಬಾಕ್ಸು ಕೆಳಗೆ ಬೆಳೆಯುತ್ತಾ ಹೋಗುತ್ತದೆ. ರತ್ನಾಳ ಫೋನನ್ನೇ ಆಫೀಸಿಗೆ ಒಯ್ದು ನೋಡಿದೆ. ದಿನವಿಡೀ ಫೋನಿಲ್ಲದೆ ಅವಳು ಹಿಡಿಶಾಪ ಹಾಕುತ್ತಿದ್ದಳಂತೆ.

ಮುನಿರಾಮಯ್ಯನವರಿಗೆ ಫೋನು ಮಾಡಿ, ಈಗ ತೆರೆದು ನೋಡಿ, ಕಂಡದ್ದನ್ನು ಗಟ್ಟಿಯಾಗಿ ಓದಿ ಎಂದೆ. ಮೊಮ್ಮಗಳ ಫೋನಿನಲ್ಲಿ ನನ್ನೊಡನೆ ಮಾತು, ತಮ್ಮ ಫೋನಿನಲ್ಲಿ ಓದು. ನಿಧಾನಕ್ಕೆ, ಒಂದೊಂದು ಪದವನ್ನೂ ಹಿಡಿದು ಹಿಡಿದು ಓದಿದರು. "ಇಂದಿನ ರಾತ್ರಿಯಿಂದ ಏನೂ ತಿನ್ನದೆ, ಕಾಲಿ ಒಟ್ಟೆಯಲ್ಲಿ ಬನ್ನಿ." ಅಲ್ಲಿಗೆ ನಿಲ್ಲಿಸಲಿಲ್ಲ. ಕ್ಲಿನಿಕ್ಕಿನ ವಿಳಾಸ ಓದಿದರು, ಭಾನುವಾರದ ರಜೆ ಓದಿದರು, ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿರುವ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲನ್ನೂ ಬಿಡದೆ ಓದಿದರು. ನಾನು ಫೋನು ಕಿವಿಗೆ ಒತ್ತಿಕೊಂಡು ಕೇಳುತ್ತಾ ಕೂತೆ.

"ಓದ್ದೆ ಅಲ್ವಾ?" ಎಂದರು.

"ಪೂರ್ತಿ ಓದಿದ್ರಿ ಯಜಮಾನ್ರೇ."

"ಅಂಗಾದ್ರೆ ಆ ಯಮ್ಮಂಗೊಂದ್ ಮಾತು ಏಳಿ."

ಕ್ಲಿನಿಕ್ಕಿಗೆ ಫೋನು ಮಾಡಿ, ತಪ್ಪು ನಮ್ಮ ಪುಟದ್ದು, ಆ ಹಿರಿಯರಿಗೆ ಓದಲು ಚೆನ್ನಾಗಿ ಬರುತ್ತದೆ ಎಂದು ಹೇಳಿದೆ. ಆಕೆ "ಆಯ್ತು ಸರ್, ಬೇರೆ ಲೈನಲ್ಲಿದ್ದೀನಿ" ಎಂದು ಇಟ್ಟಳು. ಮತ್ತೆ ಮಾಡಿದೆ. ಮತ್ತೆ ಹೇಳಿದೆ. ಮುಂದಿನ ಸಲ ಅವರು ಬಂದಾಗ ಎಲ್ಲರ ಮುಂದೆ ಅದನ್ನೇ ಹೇಳಬೇಕೆಂದೂ ಹೇಳಿದೆ. "ಸರಿ ಸರ್, ಸಾರಿ ಕೇಳ್ತೀನಿ, ಬಿಡಿ" ಎಂದ ಮೇಲೆಯೇ ಬಿಟ್ಟದ್ದು.

ಆಗಸ್ಟ್ 22, ಶುಕ್ರವಾರ

ಜೀಷಾನ್ ಒಂದು ಶಾಲೆಯ ಸೈಟಿನಲ್ಲಿ ಬಾಕ್ಸಿಗೆ ಎತ್ತರ ಕೊಟ್ಟಿದ್ದ. ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಎತ್ತರ ಕೊಡ್ಬೇಡ ಅಂತ ಎಷ್ಟ್ ಸಲ ಹೇಳ್ಬೇಕೋ ನಿಂಗೆ? ಅಕ್ಷರ ದಪ್ಪ ಮಾಡ್ಕೊಂಡು ಓದೋರು ಎಲ್ಲಿಗೆ ಹೋಗ್ಬೇಕು?"

"ಅಂಕಲ್, ಸೇಮ್ ಸ್ನೇಹಾ ಥರಾನೇ ಬೈತಿದ್ದೀರಲ್ಲ ಗುರು!"

ಅಂಕಲ್ಲೂ ನಾನೇ, ಗುರುವೂ ನಾನೇ. ಈ ಹುಡುಗರಿಗೆ ಮಾತಿನ ಮೇಲೆ ಹಿಡಿತವೇ ಇಲ್ಲ. ಎತ್ತರ ತೆಗೆಸಿ, ಅಕ್ಷರ ದೊಡ್ಡದು ಮಾಡಿ ತೋರಿಸುವವರೆಗೆ ಏಳಲು ಬಿಡಲಿಲ್ಲ.

ಆಗಸ್ಟ್ 28, ಗುರುವಾರ

ನಾಳೆ ತೀರ್ಮಾನ. ಕ್ಲಿನಿಕ್ಕಿನ ಕೆಲಸ ಕೈ ಕೊಟ್ಟ ಮೇಲೆ ಇನ್ನೇನು ಕಾಯಂ. ರತ್ನಾ ಬೆಳಗ್ಗೆಯಿಂದ ಏನೂ ಕೇಳಿಲ್ಲ. ಅವಳು ಕೇಳದಿರುವುದೇ ನನಗೆ ಹೆಚ್ಚು ಹೆದರಿಕೆ.

ಆಗಸ್ಟ್ 29, ಶುಕ್ರವಾರ

ರವಿಕಿರಣ ಒಳಗೆ ಕರೆದ. ಸ್ನೇಹಾ ಮೇಡಂ ಕೂಡ ಇದ್ದರು. ಕಾಫಿ ಕೊಟ್ಟಾಗಲೇ ಕೆಟ್ಟ ಸುದ್ದಿ ಎಂದುಕೊಂಡೆ.

"ಸರ್, ನಿಮ್ಮನ್ನ ಕಳ್ಸೋ ಮಾತೇ ಇಲ್ಲ" ಎಂದ. "ಒಂದನೇ ತಾರೀಖಿಂದ ಕಾಯಂ. ಆದ್ರೆ ಈ ಕೋಡ್ ಗೀಡ್ ತಲೆನೋವು ನಿಮ್ಗೆ ಬೇಡ. ಕನ್ನಡ ತಿದ್ದಿಕೊಡಿ, ಸಾಕು. ಕಾಗುಣಿತ, ವಾಕ್ಯ, ಅಷ್ಟೇ. ಆರಾಮಾಗಿ ಕೂತ್ಕೊಂಡು ಮಾಡಿ. ಬಾಕ್ಸ್ ಸಹವಾಸವೇ ಬೇಡ."

ಜೂನಿನಲ್ಲಿ ಈ ಮಾತು ಹೇಳಿದ್ದರೆ ಅವನ ಕಾಲು ಹಿಡಿಯುತ್ತಿದ್ದೆ. ಇವತ್ತು ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳು ನೀರು ಕುಡಿಸಿ, ಈಗ ಈಜುವುದು ಬೇಡ, ದಡದಲ್ಲಿ ಕೂತು ಬಟ್ಟೆ ಕಾಯಿರಿ ಎನ್ನುತ್ತಾನೆ!

"ಬೇಡ" ಎಂದೆ.

"ಏನು ಬೇಡ?"

"ತಿದ್ದೋ ಕೆಲಸ ಬೇಡ. ಇಟ್ಕೊಳ್ಳೋದಾದ್ರೆ ಬಾಕ್ಸಿಗೇ ಇಟ್ಕೊಳ್ಳಿ. ನಾನು ತಿದ್ದಿದ ಸಾಲು ಕೊನೆಗೆ ಆ ಬಾಕ್ಸೊಳಗೇ ಹೋಗ್ಬೇಕು. ಅದು ಸರಿಯಿಲ್ದಿದ್ರೆ ಕಾಗುಣಿತ ಎಷ್ಟ್ ಸರಿಯಿದ್ದು ಏನ್ ಬಂತು? ಓದೋರಿಗೆ ಕಾಣ್ಸೋದೇ ಇಲ್ಲ."

ರವಿಕಿರಣ ಸ್ನೇಹಾ ಮೇಡಂ ಮುಖ ನೋಡಿದ. ಅವರು ನನ್ನ ಮುಖ ನೋಡಿದರು.

"ಮತ್ತೆ ಹೈಟ್ ಕೊಟ್ರೆ ಸರ್?" ಎಂದರು ಮೇಡಂ.

"ಕೈ ಮುರೀರಿ."

ಅವರು ನಕ್ಕುಬಿಟ್ಟರು. ರವಿಕಿರಣ ನಗಲಿಲ್ಲ. ಕೋಡಿನ ಕೆಲಸಕ್ಕಾದರೆ ಈಗಲೇ ಕಾಯಂ ಮಾಡಲು ಧೈರ್ಯವಿಲ್ಲ, ಇನ್ನೂ ಮೂರು ತಿಂಗಳು ಪರೀಕ್ಷೆ, ಆಮೇಲೆ ನೋಡೋಣ, ಮನೆಯಲ್ಲಿ ಕೇಳಿಕೊಂಡು ಸೋಮವಾರ ಹೇಳಿ ಎಂದ. ಕೇಳುವುದೇನಿದೆ, ಆಗಲಿ ಎಂದು ಎದ್ದು ಬಂದೆ. ಬಸ್ಸು ಬಿ.ಇ.ಎಲ್. ಸರ್ಕಲ್ ದಾಟಿದ ಮೇಲೆ, ನಾನು ಏನು ಮಾಡಿ ಬಂದೆ ಎಂಬುದು ತಲೆಗೆ ಬಂತು.

ರತ್ನಾ ರೊಟ್ಟಿ ಬಡಿಯುತ್ತಿದ್ದಳು. ತಿರುಗದೆಯೇ ಕೇಳಿದಳು.

"ಕಾಯಂ ಆತೇನ್ರೀ?"

"ಮಾಡ್ತೀನಂದ. ನಾನ ಬ್ಯಾಡಂದೆ."

ಒಲೆ ಆರಿಸಿದಳು. ಎಲ್ಲವನ್ನೂ ಹೇಳಿದೆ. ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡು ನಿಂತು ಕೇಳಿದಳು.

"ನಿಮ್ಮ ತಲಿ ನೆಟ್ಟಗೈತೋ ಇಲ್ಲೋ? ಮೂರು ತಿಂಗಳಾತು, ಉಣ್ಣಾಗ ಆ ಡಬ್ಬಿಗೆ ಬೈತೀರಿ, ಜಳಕಾ ಮಾಡಾಗ ಬೈತೀರಿ, ನಿದ್ದ್ಯಾಗೂ ಬೈತೀರಿ. ಅದನ್ನ ಬಿಡಿಸಿ ಕಾಯಂ ಮಾಡ್ತೀನಿ ಅಂದ್ರ, ಬ್ಯಾಡ, ನನಗ ಅದ ಡಬ್ಬಿ ಬೇಕು ಅಂತ ಕುಂತ್ರಿ?"

ಬಾಯಿಗೆ ಬಂದದ್ದನ್ನು ಹೇಳಿದೆ.

"ಬೈಯೋದು ಬ್ಯಾರೆ, ಬಿಡೋದು ಬ್ಯಾರೆ."

ಬೈಗಳ ಬರುತ್ತದೆಂದು ಕಾದೆ.

"ಅದನ್ನ ನನಗ ಹೇಳಿಕೊಡ್ತೀರೇನು?" ಎಂದಳು. "ನಿಮ್ಮನ್ನ ಕಟಗೊಂಡು ಇಷ್ಟು ವರ್ಷ ನಾ ಮತ್ತೇನು ಮಾಡೀನಿ?"

ತಿರುಗಿ ಒಲೆ ಹಚ್ಚಿದಳು.